ಪಿಂಚಣಿ ಮಾಡೆಲ್‌ಗೆ ಹೊಸ ಮರಣ ದರ ಕೂರಿಸಿದ್ದು: ಒಂಬತ್ತು ಸಂಜೆ, ಐದು ತಪ್ಪು, ಅದ್ರಲ್ಲೊಂದು ಹೋದ ವರ್ಷದ್ದು

ಮೊದ್ಲು ಕೆಲಸ ಏನು ಅಂತ ಹೇಳ್ಬಿಡ್ತೀನಿ. ನಾನಿರೋದು ಶಿರಸಿಯಿಂದ 11 ಕಿಲೋಮೀಟರ್ ಆಚೆ, ಸಿದ್ದಾಪುರ ರಸ್ತೆ ಕಡೆ ಒಂದು ಹಳ್ಳೀಲಿ. ಬೆಂಗಳೂರಿನ ಒಂದು ಸಣ್ಣ ಆಕ್ಚುರಿಯಲ್ ಕನ್ಸಲ್ಟೆನ್ಸಿಗೆ (ವಿಮೆ, ಪಿಂಚಣಿಗೆ ಎಷ್ಟು ದುಡ್ಡು ಇಡ್ಬೇಕು ಅಂತ ಲೆಕ್ಕ ಹಾಕಿ ಕೊಡೋ ಕಂಪ್ನಿ) ಮನೆಯಿಂದ್ಲೇ ಕೆಲಸ ಮಾಡ್ತೀನಿ. ಪರೀಕ್ಷೆಗಳು ಇನ್ನೂ ಪೂರ್ತಿ ಮುಗ್ದಿಲ್ಲ, ಹಾಗಾಗಿ ರಿಪೋರ್ಟಿಗೆ ಸೈನ್ ಹಾಕೋದು ನಮ್ಮ ಮೇಡಂ, ಲೆಕ್ಕ ಹಾಕೋದು, ತಪ್ಪು ಮಾಡೋದು ನಾನು.

ಕ್ಲೈಂಟ್ ಒಂದು ಪಿಂಚಣಿ ಟ್ರಸ್ಟು. 214 ಜನ ಪಿಂಚಣಿದಾರರು, ಇರೋ ತನಕ ತಿಂಗಳು ತಿಂಗಳು ದುಡ್ಡು, ಅವ್ರು ಹೋದ್ಮೇಲೆ ಗಂಡ ಅಥವಾ ಹೆಂಡ್ತಿಗೆ ಅರ್ಧ. 2025ರ ಮಾರ್ಚ್ 31ಕ್ಕೆ ಟ್ರಸ್ಟ್ ಕೈಲಿ ಎಷ್ಟು ದುಡ್ಡು ಇರ್ಬೇಕು ಅಂತ ಹೇಳೋದು ನಮ್ಮ ಕೆಲಸ. ಅದಕ್ಕೊಂದು ಹಳೇ ಎಕ್ಸೆಲ್ ಫೈಲ್ ಇದೆ, 14 ಶೀಟು, ಯಾರೋ ಶುರು ಮಾಡಿ ಯಾರೋ ಬಿಟ್ಟು ಹೋಗಿದ್ದು. ಅದ್ರಲ್ಲಿ ಮರಣ ದರ ಮುಂದಿನ ವರ್ಷಗಳಲ್ಲಿ ಎಷ್ಟು ಇಳಿಯತ್ತೆ ಅನ್ನೋ ಜಾಗದಲ್ಲಿ ಎಲ್ಲಾ ವಯಸ್ಸಿಗೂ, ಎಲ್ಲಾ ವರ್ಷಕ್ಕೂ ಕಣ್ಣು ಮುಚ್ಚಿ 1 ಪರ್ಸೆಂಟ್ ಅಂತ ಹಾಕಿಟ್ಟಿದ್ರು. ಈ ಸಲ ಆಡಿಟರ್ ಕೇಳಿದ್ರು, ಈ 1 ಎಲ್ಲಿಂದ ಬಂತು ಅಂತ. ಫೈಲಲ್ಲಿ ಹುಡುಕಿದ್ರೆ ಉತ್ರ ಇಲ್ಲ. ಅದನ್ನ ಸರಿ ಮಾಡಿದ ಡೈರಿ ಇದು.

ಸಾಮಾನು: 8 ಜಿಬಿ ಲ್ಯಾಪ್‌ಟಾಪು, ಎಕ್ಸೆಲ್, ಆರ್ (ಅಂಕಿಅಂಶ ಲೆಕ್ಕದ ಸಾಫ್ಟ್‌ವೇರು, ಫ್ರೀ), ಒಂದು ಉದ್ದ ನೋಟ್‌ಬುಕ್ಕು, ಕ್ಯಾಲ್ಕುಲೇಟರು, ಮತ್ತೆ ಇನ್ವರ್ಟರು. ಜೂನ್ ತಿಂಗಳಲ್ಲಿ ಈ ಕಡೆ ಇನ್ವರ್ಟರ್ ಇಲ್ದೆ ಇಂಥ ಕೆಲಸಕ್ಕೆ ಕೂತ್ರೆ ದೇವ್ರೇ ಗತಿ.

ಜೂನ್ 6, ಶುಕ್ರವಾರ. ಕೈಲೆಕ್ಕ

ಫೈಲ್ ಕಾಪಿ ಮಾಡಿ ಹೆಸ್ರಿಗೆ ವಿ1 ಅಂತ ಸೇರಿಸಿದೆ. ಮೂಲ ಫೈಲ್ ಮುಟ್ಟಿಲ್ಲ, ಅಷ್ಟು ಬುದ್ಧಿ ಇದೆ.

ಕಂಪ್ಯೂಟರ್ ಕೆಲಸಕ್ಕೆ ಮುಂಚೆ ಅಂದಾಜು ಸಿಗ್ಲಿ ಅಂತ ನೋಟ್‌ಬುಕ್ಕಲ್ಲಿ ಒಂದು ಲೆಕ್ಕ ಹಾಕ್ದೆ. ನಮ್ಮ ದೇಶದಲ್ಲಿ ವಿಮೆ ಮಾಡಿಸ್ದೋರ ಮರಣ ಕೋಷ್ಟಕ ಎರಡು ಸಲ ಬಂದಿದ್ದು ಕೈಲಿತ್ತು, ಐಎಎಲ್‌ಎಂ 2006-08 ಮತ್ತೆ ಐಎಎಲ್‌ಎಂ 2012-14. ಆ ವಯಸ್ಸಿನವ್ರು ಒಂದು ವರ್ಷದೊಳಗೆ ಸಾಯೋ ಸಂಭವ ಎಷ್ಟು ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟೆ:

30 ವಯಸ್ಸು: 0.001056 ಇದ್ದಿದ್ದು 0.000977
40: 0.001803 ಇದ್ದಿದ್ದು 0.001680
50: 0.004946 ಇದ್ದಿದ್ದು 0.004436
60: 0.011534 ಇದ್ದಿದ್ದು 0.011162

ಮಧ್ಯದಲ್ಲಿ 6 ವರ್ಷ. ವರ್ಷದ ಲೆಕ್ಕಕ್ಕೆ ಇಳಿಸಿದ್ರೆ 40ಕ್ಕೆ 1.2 ಪರ್ಸೆಂಟ್, 50ಕ್ಕೆ 1.8, 60ಕ್ಕೆ ಬರೀ 0.55. ಅಂದ್ರೆ ಎಲ್ರಿಗೂ 1 ಅನ್ನೋದು ಯಾರಿಗೂ ಸರಿಯಾಗಿ ಹೊಂದಲ್ಲ. ತಮಾಷೆ ಅಂದ್ರೆ 20ನೇ ವಯಸ್ಸು, ಅಲ್ಲಿ 0.000888 ಇದ್ದಿದ್ದು 0.000924 ಆಗಿದೆ, ಇಳಿಯೋದು ಬಿಟ್ಟು ಏರಿದೆ. ನಮ್ಮ ಟ್ರಸ್ಟಲ್ಲಿ 20ರವರು ಯಾರೂ ಇಲ್ಲ, ಆದ್ರೂ ನೋಡಿ ಇಟ್ಕೊಂಡೆ. ಈ ಎರಡು ಕೋಷ್ಟಕದ ವ್ಯತ್ಯಾಸ ಪೂರ್ತಿ ಕಾಲದಿಂದ ಬಂದಿದ್ದಲ್ಲ, ಪಾಲಿಸಿ ತಗೊಳ್ಳೋ ಜನನೂ ಬದ್ಲಾಗಿರ್ತಾರೆ, ಹಾಗಾಗಿ ಇದನ್ನೇ ಮಾಡೆಲ್‌ಗೆ ಹಾಕೋ ಹಾಗಿಲ್ಲ. ಬರೀ ದಿಕ್ಕು ನೋಡೋಕೆ.

ಆಯಿ ಚಾ ತಂದಿಟ್ಟು ನೋಟ್‌ಬುಕ್ ಇಣುಕಿ ನೋಡಿ, "ಸಾಯವ್ರ ಲೆಕ್ಕ ಹಾಕದಕ್ಕೂ ಸಂಬ್ಳ ಕೊಡ್ತ್ವನ ತಮಾ?" ಅಂದ್ಲು. ಬದುಕೋರ ಲೆಕ್ಕ ಅಂದೆ. ನಂಬ್ಲಿಲ್ಲ.

ಜೂನ್ 8, ಭಾನುವಾರ. ಡೇಟಾ, ಮೊದಲ ತಪ್ಪು

ಹೊರದೇಶದ ಜನಕ್ಕಾದ್ರೆ ಹ್ಯೂಮನ್ ಮಾರ್ಟಾಲಿಟಿ ಡೇಟಾಬೇಸ್ ಅಂತ ಇದೆ, ಡೌನ್‌ಲೋಡ್ ಮಾಡ್ಕೊಂಡು ಕೂತ್ರಾಯ್ತು. ಅದ್ರಲ್ಲಿ ಭಾರತ ಇಲ್ಲ. ನಮಗೆ ಇರೋದು ರಿಜಿಸ್ಟ್ರಾರ್ ಜನರಲ್ ಆಫೀಸಿನ ಎಸ್‌ಆರ್‌ಎಸ್, ಅಂದ್ರೆ ದೇಶದ ಆಯ್ದ ಹಳ್ಳಿ, ವಾರ್ಡ್‌ಗಳಲ್ಲಿ ಹುಟ್ಟು ಸಾವು ಬರ್ಕೊಂಡು ಅದ್ರಿಂದ ತೆಗೆಯೋ ದರ. ಅದ್ರ ಜೀವಿತಾವಧಿ ಕೋಷ್ಟಕಗಳು ಐದೈದು ವರ್ಷದ ಸರಾಸರಿ: 2012-16, 2013-17, 2014-18, 2015-19 ಹೀಗೆ. ಹುಟ್ಟಿದಾಗಿನ ಜೀವಿತಾವಧಿ 2014-18ರಲ್ಲಿ 69.4, 2015-19ರಲ್ಲಿ 69.7, 2016-20ರಲ್ಲಿ 70.0. 1970-75ರಲ್ಲಿ 49.7 ಇತ್ತು.

ಚೆನ್ನಾಗಿ ನುಣುಪಾಗಿರೋ ಅಂಕಿ, ರೆಡಿ ಇದೆ, ಸುಮ್ನೆ ಯಾಕೆ ಕಷ್ಟ ಪಡೋದು ಅಂತ ಇದನ್ನೇ ತಗೊಂಡೆ. ಇದು ತಪ್ಪು ನಂಬರ್ ಒಂದು, ಗೊತ್ತಾಗಿದ್ದು ಮೂರು ದಿನ ಬಿಟ್ಟು.

ಪಿಡಿಎಫ್‌ನಿಂದ ಎಕ್ಸೆಲ್‌ಗೆ ತಂದೆ. ವಯಸ್ಸಿನ ಗುಂಪು 5-9 ಅಂತ ಇರೋದನ್ನ ಎಕ್ಸೆಲ್ ಸೆಪ್ಟೆಂಬರ್ 5 ಮಾಡ್ತು. ಇದು ನನ್ ತಪ್ಪಿನ ಲೆಕ್ಕಕ್ಕೆ ಸೇರಲ್ಲ, ಇದು ಎಲ್ರಿಗೂ ಆಗತ್ತೆ. ಕಾಲಂ ಮೊದ್ಲೇ ಟೆಕ್ಸ್ಟ್ ಮಾಡ್ಕೊಂಡು ಆಮೇಲೆ ಪೇಸ್ಟ್ ಮಾಡಿ.

ಸಂಜೆ 7ಕ್ಕೆ ಕರೆಂಟ್ ಹೋಯ್ತು. ಇನ್ವರ್ಟರ್ ಇಪ್ಪತ್ತು ನಿಮಿಷ ಎಳೆದು ಕುಂಯ್ ಅಂದು ಸುಮ್ನಾಯ್ತು. ಬ್ಯಾಟರಿ ಸತ್ತಿದೆ.

ಜೂನ್ 10, ಮಂಗಳವಾರ. ಲೀ-ಕಾರ್ಟರ್ ಕೂರಿಸೋದು

ಬೆಳಿಗ್ಗೆ ಶಿರಸಿಗೆ ಹೋಗಿ ಹೊಸ ಬ್ಯಾಟರಿ ತಂದೆ, ಹಳೇದು ಕೊಟ್ಟು 14,500. ಇಡೀ ಕೆಲಸದ ದೊಡ್ಡ ಖರ್ಚು ಇದೇ.

ಮಾಡೆಲ್ ಯಾವ್ದು ಅನ್ನೋದ್ರಲ್ಲಿ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿಲ್ಲ. 1992ರ ಲೀ-ಕಾರ್ಟರ್, ಹಿಂದಿನ ಮರಣ ದರ ನೋಡಿ ಮುಂದಿನದ್ದು ಅಂದಾಜು ಮಾಡೋ ಮಾಡೆಲ್. ಪ್ರತಿ ವಯಸ್ಸಿಗೆ ಒಂದು ಸರಾಸರಿ ಮಟ್ಟ ಎ, ಪ್ರತಿ ವರ್ಷಕ್ಕೆ ಒಂದು ಸೂಚ್ಯಂಕ ಕೆ, ಆ ಕೆ ಇಳಿದ್ರೆ ಯಾವ ವಯಸ್ಸಿನ ದರ ಎಷ್ಟು ಇಳಿಯತ್ತೆ ಅನ್ನೋಕೆ ಬಿ. ದರದ ಲಾಗ್ ಅಂದ್ರೆ ಎ ಕೂಡಿಸು ಬಿ ಗುಣಿಸು ಕೆ. ಇಷ್ಟೇ.

ಆರ್‌ನಲ್ಲಿ ಸ್ಟ್‌ಮೋಮೋ ಅನ್ನೋ ಪ್ಯಾಕೇಜ್ ಹಾಕ್ದೆ. ಅದು ಕೇಳೋದು ಸತ್ತವರ ಸಂಖ್ಯೆ ಮತ್ತೆ ಆ ವಯಸ್ಸಲ್ಲಿ ಇದ್ದ ಜನ, ಎರಡೂ. ನನ್ ಹತ್ರ ಇರೋದು ಬರೀ ದರ. ತಲೆ ಓಡ್ಸಿ ಎಲ್ಲಾ ವಯಸ್ಸಿಗೂ ಒಂದು ಲಕ್ಷ ಜನ ಅಂತ ಸುಳ್ಳು ಸಂಖ್ಯೆ ಹಾಕ್ದೆ. ಮಾಡೆಲ್ ಓಡ್ತು! ಓಡಿದ್ದೇ ತಪ್ಪು ನಂಬರ್ ಎರಡು. ಪ್ಯಾಕೇಜ್ ಎಲ್ಲಿ ಸಾವು ಜಾಸ್ತಿಯೋ ಅಲ್ಲಿಗೆ ತೂಕ ಕೊಡತ್ತೆ, 85 ದಾಟಿದವ್ರೂ ಲಕ್ಷ ಜನ ಅಂದ್ರೆ ಅಲ್ಲಿ ಸಾವಿನ ಸಂಖ್ಯೆ ಗುಡ್ಡ, ಇಡೀ ಫಿಟ್ ಆ ಒಂದು ಗುಂಪಿನ ಹಿಂದೆ ಓಡ್ತು. ನಿಜವಾಗಿ ಆ ವಯಸ್ಸಲ್ಲಿ ಸ್ಯಾಂಪಲ್ ಸಿಗೋದೇ ಕಮ್ಮಿ, ಅಂಕಿ ಅಲ್ಲಾಡೋದೂ ಅಲ್ಲೇ.

ಪ್ಯಾಕೇಜ್ ಬಿಟ್ಟು ಹಳೇ ದಾರಿಗೆ ಬಂದೆ. ಲಾಗ್ ದರದಿಂದ ಸರಾಸರಿ ಕಳೆದು ಎಸ್‌ವಿಡಿ (ಅಂಕಿಗಳ ಕೋಷ್ಟಕವನ್ನ ಬಿ ಗುಣಿಸು ಕೆ ಅಂತ ಬಿಡಿಸೋ ಲೆಕ್ಕ), ಆರ್‌ನಲ್ಲಿ ಒಂದು ಸಾಲು. ಬಂದ ಉತ್ತರದಲ್ಲಿ ಕೆ ವರ್ಷ ವರ್ಷ ಏರ್ತಾ ಇತ್ತು, ಬಿ ಎಲ್ಲಾ ಮೈನಸ್. ಅರ್ಧ ಗಂಟೆ ಗಾಬರಿ. ಆಮೇಲೆ ನೆನಪಾಯ್ತು, ಎಸ್‌ವಿಡಿಗೆ ಪ್ಲಸ್ ಮೈನಸ್ ಲೆಕ್ಕ ಇಲ್ಲ, ಎರಡನ್ನೂ ತಿರುಗಿಸಿದ್ರೆ ಅದೇ ಗುಣಲಬ್ಧ. ಬಿ ಕೂಡಿಸಿದ್ರೆ 1, ಕೆ ಕೂಡಿಸಿದ್ರೆ 0 ಆಗೋ ಹಾಗೆ ಸರಿ ಮಾಡಿದ್ಮೇಲೆ ಕೆ ಇಳಿಜಾರು ಹಿಡೀತು.

ಗ್ರಾಫ್ ನೋಡಿದ್ರೆ ಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ಖುಷಿಯಾಗಿ ಮಲಗ್ದೆ.

ಜೂನ್ 11, ಬುಧವಾರ

ಅಷ್ಟು ನೇರ ಗೆರೆ ಯಾಕೆ ಬಂತು ಅಂತ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೀತು. 2013-17 ಮತ್ತೆ 2014-18 ಎರಡ್ರಲ್ಲೂ ನಾಲ್ಕು ವರ್ಷ ಒಂದೇ! ಒಂದು ವರ್ಷ ಬಿಟ್ಟು ಒಂದು ವರ್ಷ ಸೇರಿಸಿದ್ದಾರೆ ಅಷ್ಟೇ. ನಾನು ಅವನ್ನ ಬೇರೆ ಬೇರೆ ವರ್ಷದ ಅಂಕಿ ಅಂತ ಹಿಡಿದಿದ್ದೆ. ಹಾಗಾದ್ರೆ ಏರಿಳಿತ ಸತ್ತೇ ಹೋಗತ್ತೆ, ಮುಂದಿನ ಅಂದಾಜು ಇಷ್ಟರಿಂದ ಇಷ್ಟರೊಳಗೆ ಇರತ್ತೆ ಅನ್ನೋ ಅಂತರ ಸಿಕ್ಕಾಪಟ್ಟೆ ಕಿರಿದಾಗತ್ತೆ, ಮಾಡೆಲ್‌ಗೆ ಇಲ್ದಿರೋ ಧೈರ್ಯ ಬರತ್ತೆ. ಒಂದು ಕೆಟ್ಟ ವರ್ಷ ಬಂದ್ರೆ ಅದು ಐದು ಕೋಷ್ಟಕದಲ್ಲಿ ಹರಡಿ ಕೂರತ್ತೆ.

ಮೂರು ಸಂಜೆ ಕೆಲಸ ಕಸದ ಬುಟ್ಟಿಗೆ.

ಜೂನ್ 13, 14. ಮತ್ತೆ ಟೈಪು

ವರ್ಷ ವರ್ಷದ ಎಸ್‌ಆರ್‌ಎಸ್ ವರದೀಲಿ ವಯಸ್ಸಿನ ಗುಂಪಿನ ಮರಣ ದರ ಬೇರೆ ಇರತ್ತೆ. 2000ದಿಂದ 2019ರ ತನಕ, 20 ವರ್ಷ, ಗಂಡು ಹೆಣ್ಣು ಬೇರೆ ಬೇರೆ. ಕೆಲವು ಹಳೇ ಪುಟ ಪಿಡಿಎಫ್‌ನಿಂದ ಸರಿಯಾಗಿ ಎಳೆಯೋಕೆ ಬರ್ಲಿಲ್ಲ, ಪ್ರಿಂಟ್ ತೆಗೆಸಿ ಕೈಯಲ್ಲಿ ಟೈಪ್ ಮಾಡ್ದೆ. ಪ್ರಿಂಟು 340 ರೂಪಾಯಿ. ಟೈಪ್ ಮಾಡಿದ್ದನ್ನ ತಂಗಿ ಓದಿ ಹೇಳಿದ್ಲು, ನಾನು ಟಿಕ್ ಹಾಕ್ದೆ, 11 ಕಡೆ ತಪ್ಪು ಸಿಕ್ತು, ಅದ್ರಲ್ಲಿ ಒಂದು ಕಡೆ ದಶಾಂಶ ಚುಕ್ಕೆನೇ ಬಿಟ್ಟುಹೋಗಿತ್ತು. ಅವ್ಳಿಗೆ ಲಂಚ ಒಂದು ಐಸ್‌ಕ್ರೀಮು.

ಇಲ್ಲೊಂದು ಮಜಾ. ವರದೀಲಿ ದರ ಸಾವಿರಕ್ಕೆ ಇಷ್ಟು ಅಂತ ಇರತ್ತೆ, ನಾನು 1000ದಿಂದ ಭಾಗಿಸೋದು ಮರೆತೆ. ಆದ್ರೂ ಕೊನೇ ಉತ್ತರ ಒಂಚೂರೂ ಬದ್ಲಾಗಿಲ್ಲ! ಲಾಗ್ ತಗೊಂಡಾಗ ಆ 1000 ಹೋಗಿ ಎ ಒಳಗೆ ಕೂತ್ಕೊಳ್ಳತ್ತೆ, ಬಿ ಮತ್ತೆ ಕೆ ಹಾಗೇ ಇರತ್ತೆ, ನಮಗೆ ಬೇಕಿರೋದು ಇಳಿಕೆಯ ಪ್ರಮಾಣ ಮಾತ್ರ. ಅದೃಷ್ಟ. ಇದನ್ನ ಅರ್ಧ ತಪ್ಪು ಅಂತ ಬರ್ಕೊಂಡಿದೀನಿ.

ಜೂನ್ 15, ಭಾನುವಾರ. ಮಕ್ಕಳನ್ನ ತೆಗೆದೆ

ಹೊಸ ಡೇಟಾ ಹಾಕಿ ಫಿಟ್ ಮಾಡ್ದೆ. ಈಗ ಕೆ ಏರಿಳಿತ ಇರೋ ಗೆರೆ, ನೋಡೋಕೆ ಚಂದ ಇಲ್ಲ, ಆದ್ರೆ ನಂಬಬಹುದು. ಬಿ ನೋಡಿದ್ರೆ 0-4 ವಯಸ್ಸಿಗೆ ದೊಡ್ಡದು, 60 ದಾಟಿದವ್ರಿಗೆ ಚಿಕ್ಕದು. ಆಗ್ಲೇಬೇಕು, ನಮ್ಮ ದೇಶದಲ್ಲಿ ಇಷ್ಟು ವರ್ಷ ಜೀವಿತಾವಧಿ ಏರಿದ್ರಲ್ಲಿ ದೊಡ್ಡ ಪಾಲು ಮಕ್ಕಳ ಸಾವು ಕಮ್ಮಿ ಆಗಿದ್ರಿಂದ್ಲೇ. ಆದ್ರೆ ನಮ್ಮ ಟ್ರಸ್ಟಿನ ಅತಿ ಚಿಕ್ಕ ಪಿಂಚಣಿದಾರರಿಗೆ 52 ವರ್ಷ. ಕೆ ಹೇಗೆ ಓಡ್ಬೇಕು ಅಂತ ಮಕ್ಕಳು ತೀರ್ಮಾನ ಮಾಡಿದ್ರೆ ಮುದುಕರ ಲೆಕ್ಕ ಏನಾಗ್ಬೇಕು? 40ರ ಕೆಳಗಿನವರನ್ನೆಲ್ಲಾ ತೆಗೆದು ಮತ್ತೆ ಫಿಟ್ ಮಾಡ್ದೆ. ಬಿ ಒಂದು ಗುಂಪಿಂದ ಇನ್ನೊಂದಕ್ಕೆ ಕುಣೀತಾ ಇತ್ತು, ಮೂರು ಮೂರು ಗುಂಪಿನ ಸರಾಸರಿ ತಗೊಂಡು ಸ್ವಲ್ಪ ಸವರಿದೆ.

ಪರೀಕ್ಷೆಗೆ 2000-2011 ಮಾತ್ರ ಹಾಕಿ 2012-2019 ಊಹೆ ಮಾಡಿಸ್ದೆ, ನಿಜವಾದ ಅಂಕಿ ಪಕ್ಕ ಇಟ್ಟೆ. 60ರಿಂದ 79ರ ತನಕ ಮರ್ಯಾದೆ ಉಳೀತು. 80ರ ಮೇಲೆ ಇಲ್ಲ.

ಜೂನ್ 17, ಮಂಗಳವಾರ. ಕೊನೇ ವರ್ಷ ಯಾವ್ದು

2021ರ ಎಸ್‌ಆರ್‌ಎಸ್ ವರದಿ ಮೇ ತಿಂಗಳಲ್ಲಷ್ಟೇ ಬಂದಿತ್ತು. ಹೊಸಾ ಡೇಟಾ ಇರುವಾಗ ಹಾಕ್ದೇ ಇದ್ರೆ ಆಡಿಟರ್ ಕೇಳ್ತಾರೆ ಅಂತ 2020, 2021 ಸೇರಿಸಿ ನೋಡ್ದೆ. ಇಳಿಕೆಯ ವೇಗ ದಬಕ್ಕಂತ ಕುಸೀತು. ದೇಶದ ಒಟ್ಟು ಮರಣ ದರ 2020ರಲ್ಲಿ ಸಾವಿರಕ್ಕೆ 6.0 ಇದ್ದಿದ್ದು 2021ರಲ್ಲಿ 7.5, ಕೋವಿಡ್ ವರ್ಷ ಯಾರಿಗೆ ಗೊತ್ತಿಲ್ಲ.

ಆದ್ರೆ 22 ವರ್ಷದಲ್ಲಿ ಒಂದು ಕೆಟ್ಟ ವರ್ಷ ಇಷ್ಟು ಎಳೆಯೋದು ಹೇಗೆ ಅಂತ ಸೂತ್ರ ತೆಗೆದು ನೋಡಿದ್ರೆ, ಕೆ ಮುಂದೆ ಓಡೋ ವೇಗ ಅಂದ್ರೆ ಕೊನೇ ಕೆ ಕಳೆ ಮೊದಲ ಕೆ, ಭಾಗಿಸು ಮಧ್ಯದ ವರ್ಷ. ಮಧ್ಯದ ಇಪ್ಪತ್ತು ಅಂಕಿ ಒಂದಕ್ಕೊಂದು ಹೊಡ್ಕೊಂಡು ಹೋಗತ್ತೆ! ಚಾಲಿ ಅಡಿಕೆ ದರದ ಹತ್ತು ವರ್ಷದ ಓಟ ಹೇಳೋಕೆ ಮೊದಲ್ನೇ ಟೆಂಡರು, ಕೊನೇ ಟೆಂಡರು ಎರಡೇ ನೋಡಿದ ಹಾಗೆ. ಎರಡು ದಿನ ಕಷ್ಟಪಟ್ಟು ಟೈಪ್ ಮಾಡಿದ ಅಂಕಿಗಳ ಗತಿ ಇದು. ಪುಸ್ತಕದಲ್ಲಿ ಓದಿ ಪರೀಕ್ಷೇಲಿ ಬರ್ದು ಪಾಸಾಗಿದ್ದೆ, ಆದ್ರೆ ಅರ್ಥ ಆಗಿದ್ದು ಮೊನ್ನೆ ಮಂಗಳವಾರ.

ಬ್ರಿಟನ್ನಿನ ಸಿಎಂಐನವರು (ಅಲ್ಲಿ ಆಕ್ಚುರಿಗಳಿಗೆ ಮರಣ ದರದ ಮಾಡೆಲ್ ಮಾಡಿ ಕೊಡೋ ಸಂಸ್ಥೆ) ತಮ್ಮ 2020ರ ಮಾಡೆಲ್‌ನಲ್ಲಿ 2020ರ ಡೇಟಾಗೆ ಸೊನ್ನೆ ತೂಕ ಕೊಟ್ರು, 2021ರದ್ರಲ್ಲಿ ಎರಡೂ ವರ್ಷಕ್ಕೆ ಸೊನ್ನೆ. ನಾನೂ 2019ಕ್ಕೆ ನಿಲ್ಲಿಸ್ದೆ. ಮೊದಲ ವರ್ಷ 2000 ಬದ್ಲು 2001, 2002, 2003 ಹಾಕಿನೂ ನೋಡ್ದೆ, ವೇಗ ಸ್ವಲ್ಪ ಸ್ವಲ್ಪ ಬದ್ಲಾಯ್ತು, ನಾಲ್ಕರ ಸರಾಸರಿ ತಗೊಂಡೆ. ಇದು ನನ್ನ ಸ್ವಂತ ಬುದ್ಧಿ, ಪುಸ್ತಕದಲ್ಲಿ ಇಲ್ಲ, ಮೇಡಂಗೆ ಹೇಳೇ ಮಾಡಿದ್ದು.

ಜೂನ್ 19, ಗುರುವಾರ. ಎಕ್ಸೆಲ್‌ಗೆ ಜೋಡಿಸಿದ್ದು

ಹೊಸ ಇಳಿಕೆ ದರದ ಶೀಟ್ ಹಾಕ್ದೆ, ಮರಣ ದರದ ಶೀಟಿಗೆ ಕೊಂಡಿ ಕೊಟ್ಟೆ, ಲೆಕ್ಕ ಮತ್ತೆ ಓಡ್ಸೋಕೆ ಎಫ್9 ಒತ್ತಿದೆ. ಕಟ್ಟಬೇಕಾದ ದುಡ್ಡು ಹಾರಿ ಮಾಡಿಗೆ ಬಡೀತು. ಒಬ್ಬೊಬ್ರದ್ದೇ ನೋಡಿದ್ರೆ 71 ವರ್ಷದ ಒಬ್ರು 104ರ ತನಕ ಆರಾಮಾಗಿ ಇರ್ತಾರೆ. ಇರ್ಲಿ ಪಾಪ, ಆದ್ರೆ ಎಲ್ರೂ ಹಾಗೇ!

ಕಾರಣ ಹುಡುಕೋಕೆ ಎರಡು ಗಂಟೆ ಬೇಕಾಯ್ತು. ಹಳೇ ಶೀಟಲ್ಲಿ ಪ್ರತಿ ಕಾಲಂ ಹಿಂದಿನ ಕಾಲಂನ ದರಕ್ಕೆ ಒಂದು ವರ್ಷದ ಇಳಿಕೆ ಗುಣಿಸೋದು. ನಾನು ಕೊಟ್ಟ ಶೀಟಲ್ಲಿ ಮೂಲ ವರ್ಷದಿಂದ (ಇಳಿಕೆ ಎಣಿಸೋಕೆ ಶುರು ಮಾಡೋ ವರ್ಷ) ಅಲ್ಲೀ ತನಕದ ಒಟ್ಟು ಇಳಿಕೆ ಇತ್ತು. ಅಂದ್ರೆ ಇಳಿಸಿದ್ದನ್ನೇ ಮತ್ತೆ ಮತ್ತೆ ಇಳಿಸಿದೆ. ವರ್ಷಕ್ಕೆ 1.2 ಪರ್ಸೆಂಟ್ ಅಂತ ಹಿಡಿದ್ರೆ 12 ವರ್ಷಕ್ಕೆ 0.988ನ್ನ 12 ಸಲ ಗುಣಿಸ್ಬೇಕು, 0.865. ನನ್ನ ಶೀಟು 1 ಕೂಡಿಸು 2 ಕೂಡಿಸು 3 ಹೀಗೆ 12ರ ತನಕ, 78 ಸಲ ಗುಣಿಸಿತ್ತು, 0.39. ತಪ್ಪು ನಂಬರ್ ಮೂರು. ವಿ4 ಅಳಿಸಿ ವಿ5.

ಸರಿ ಮಾಡಿದ್ಮೇಲೆ ಒಟ್ಟು ಮೊತ್ತ ಹೋದ ವರ್ಷದ ರೀತಿ ಲೆಕ್ಕಕ್ಕೆ ಹತ್ರ ಬಂತು. ಜೂನ್ 6ರ ಕೈಲೆಕ್ಕದ ದಿಕ್ಕಿಗೂ ಹೊಂದ್ತು. ಮುಗೀತು ಅಂದ್ಕೊಂಡೆ.

ಜೂನ್ 21, ಶನಿವಾರ. ಹೋದ ವರ್ಷದ ತಪ್ಪು

ರಿಪೋರ್ಟಿಗೆ ಒಂದು ಪ್ಯಾರಾ ಬರೀತಾ ಇದ್ದೆ, "ಮೂಲ ಕೋಷ್ಟಕ: ಐಐಎಎಂ 2012-15, ಮೂಲ ವರ್ಷ" ಅಂತ ಬರ್ದು ಫೈಲ್ ನೋಡಿದ್ರೆ ಅಲ್ಲಿ 2021 ಅಂತಿದೆ. ಪಕ್ಕದಲ್ಲಿ ಕಾಮೆಂಟು, ಕೆಳಗೆ ನನ್ನದೇ ಇನಿಷಿಯಲ್ಲು.

ಐಐಎಎಂ ಅಂದ್ರೆ ಆನ್ಯುಯಿಟಿ, ಅಂದ್ರೆ ಪಿಂಚಣಿ ಥರ ಇರೋ ತನಕ ದುಡ್ಡು ತಗೊಳ್ಳೋರ ಮರಣ ಕೋಷ್ಟಕ. ಹೋದ ವರ್ಷ ಪಿಂಚಣಿದಾರರಿಗೆ ಹಳೇ ಎಲ್‌ಐಸಿ 96-98 ಆನ್ಯುಯಿಟಿ ಕೋಷ್ಟಕ ತೆಗೆದು ಐಐಎಎಂ ಹಾಕಿದ್ದು ನಾನೇ. ಆ ಕೋಷ್ಟಕ ಜಾರಿಗೆ ಬಂದಿದ್ದು 2021ರ ಏಪ್ರಿಲ್ 1ಕ್ಕೆ. ನಾನು ಆ ವರ್ಷನೇ ಮೂಲ ವರ್ಷ ಅಂತ ಹಾಕಿದ್ದೆ. ಆದ್ರೆ ಕೋಷ್ಟಕದ ಒಳಗಿರೋ ಸಾವುಗಳು 2012-15ರದ್ದು! ಹೆಸರಲ್ಲೇ ಬರ್ದಿದೆ! ಇಳಿಕೆ ಶುರು ಆಗ್ಬೇಕಿದ್ದು 2013ರ ಸುಮಾರಿಂದ. ಎಂಟು ವರ್ಷದ ಇಳಿಕೆ ಗಾಳಿಗೆ ಹೋಗಿತ್ತು. ಹಳೇ 1 ಪರ್ಸೆಂಟಿನ ಲೆಕ್ಕದಲ್ಲೇ 0.99ನ್ನ ಎಂಟು ಸಲ ಗುಣಿಸಿದ್ರೆ 0.923, ಅಂದ್ರೆ ಮರಣ ದರ ಹೆಚ್ಚುಕಮ್ಮಿ 8 ಪರ್ಸೆಂಟ್ ಜಾಸ್ತಿ ಇಟ್ಟು ಟ್ರಸ್ಟಿಗೆ ಕಮ್ಮಿ ದುಡ್ಡು ಸಾಕು ಅಂತ ಹೇಳಿದ್ದೆ.

ಕೈಲೆಕ್ಕದಲ್ಲಿ ಯಾಕೆ ಸಿಗ್ಲಿಲ್ಲ ಅಂತ ನೋಟ್‌ಬುಕ್ ತೆಗೆದೆ. ಐಎಎಲ್‌ಎಂ 2006-08 ಜಾರಿಗೆ ಬಂದಿದ್ದು 2013ರಲ್ಲಿ, 2012-14 ಬಂದಿದ್ದು 2019ರಲ್ಲಿ. ಡೇಟಾ ವರ್ಷ ಹಿಡಿದ್ರೂ ಮಧ್ಯೆ 6, ಜಾರಿ ವರ್ಷ ಹಿಡಿದ್ರೂ ಮಧ್ಯೆ 6. ಎರಡು ಕೋಷ್ಟಕದ ಮಧ್ಯದ ಅಂತರಕ್ಕೆ ಈ ತಪ್ಪು ಕಾಣೋದೇ ಇಲ್ಲ, ಇವತ್ತಿಗೆ ಎಳೆದು ತರುವಾಗ ಮಾತ್ರ ಕಾಣತ್ತೆ. ಆ ಕೈಲೆಕ್ಕವನ್ನ ನಾನು ಪುರಾವೆ ಅಂತ ಬೇರೆ ಇಟ್ಕೊಂಡಿದ್ದೆ.

ಅವತ್ತು ರಾತ್ರಿ ಊಟ ಸೇರ್ಲಿಲ್ಲ. ತಿದ್ದಿ ಎಫ್9 ಒತ್ತಿದ್ರೆ ಮೊತ್ತ ಒಂದೂವರೆ ಪರ್ಸೆಂಟ್ ಹತ್ರ ಏರ್ತು. ಕೇಳೋಕೆ ಸಣ್ಣದು, ಆದ್ರೆ ಅದು ಟ್ರಸ್ಟಿನವರು ಕೈಯಿಂದ ತುಂಬಬೇಕಾದ ದುಡ್ಡು.

ಜೂನ್ 23, ಸೋಮವಾರ. ಫೋನು

ಮೇಡಂಗೆ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡ್ದೆ. ಹೊಸ ಮಾಡೆಲ್‌ನಿಂದ ಆದ ಬದಲಾವಣೆ ಅಂತ ಒಂದೇ ಸಾಲಲ್ಲಿ ಸೇರಿಸಿಬಿಟ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಭಾನುವಾರ ಇಡೀ ದಿನ ಆ ಯೋಚನೆ ತಲೇಲಿ ಓಡಿತ್ತು ಅಂತನೂ ಇಲ್ಲೇ ಹೇಳ್ಬಿಡ್ತೀನಿ. ಅವ್ರು ಪೂರ್ತಿ ಕೇಳಿದ್ರು. ಬೈಲಿಲ್ಲ. "ನಾನೂ ಸೈನ್ ಹಾಕಿದೀನಲ್ಲ, ನಂಗೂ ಕಾಣ್ಲಿಲ್ಲ" ಅಂದ್ರು. ಆಮೇಲೆ, ಹೋದ ವರ್ಷದ ಮೊತ್ತದಿಂದ ಈ ವರ್ಷದ್ದಕ್ಕೆ ಬರೋ ಹೊಂದಾಣಿಕೆ ಪಟ್ಟೀಲಿ ಎರಡು ಬೇರೆ ಸಾಲು ಹಾಕು, ಒಂದು ಮಾಡೆಲ್ ಬದಲಾವಣೆ, ಇನ್ನೊಂದು ಮೂಲ ವರ್ಷದ ತಿದ್ದುಪಡಿ, ಎರಡನ್ನ ಬೆರೆಸ್ಬೇಡ ಅಂದ್ರು.

ಟ್ರಸ್ಟಿನ ಕಾರ್ಯದರ್ಶಿಗಳ ಜೊತೆ ಸಂಜೆ ಕಾಲ್. ವಯಸ್ಸಾದವ್ರು, ಅವ್ರೂ ಅದೇ ಪಟ್ಟೀಲಿ ಒಬ್ರು ಪಿಂಚಣಿದಾರರು. ಎರಡನೇ ಸಾಲು ತೋರ್ಸಿ ಕೇಳಿದ್ರು, "ಹಾಗಾದ್ರೆ ನಾವು ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ಬದುಕ್ತೀವಿ ಅಂತಲಾ ತಮ್ಮಾ?"

"ಇಲ್ಲ ಸರ್, ಹೋದ ವರ್ಷನೂ ಇಷ್ಟೇ ಇತ್ತು. ನಾನು ಕಮ್ಮಿ ಬರ್ದಿದ್ದೆ."

ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ನಕ್ಕು, ಮೀಟಿಂಗಲ್ಲಿ ಇದನ್ನ ನೀವೇ ಹೇಳ್ಬೇಕು ಅಂದ್ರು.

ಅವ್ರೇ ಇನ್ನೊಂದು ಕೇಳಿದ್ರು, ದೇಶದ ಲೆಕ್ಕ ಯಾಕೆ, ನಮ್ಮ ಜನರದ್ದೇ ಸಾವಿನ ದಾಖಲೆ ಇದೆಯಲ್ಲ ಅಂತ. ನ್ಯಾಯವಾದ ಪ್ರಶ್ನೆ. ಐದು ವರ್ಷದಲ್ಲಿ 19 ಸಾವು, ಮಾಡೆಲ್ ಹೇಳಿದ್ದು 22. ಪೂರ್ತಿ ನಂಬೋಕೆ ನಮ್ಮ ಕಡೆ ಬಳಸೋ ಅಳತೆ 1,082 ಸಾವು, 19ನ್ನ ಅದ್ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ 0.13. ಅಂದ್ರೆ ನಿಮ್ಮ ದಾಖಲೆಗೆ ನೂರಕ್ಕೆ 13 ತೂಕ, ಉಳಿದ 87 ಕೋಷ್ಟಕಕ್ಕೆ. ಇದನ್ನ ಒಪ್ಪಿದ್ರೋ ಬಿಟ್ರೋ ಗೊತ್ತಾಗ್ಲಿಲ್ಲ.

ಖರ್ಚು

ಬ್ಯಾಟರಿ 14,500. ಪ್ರಿಂಟು 340. ಐಸ್‌ಕ್ರೀಮು 60. ಸಾಫ್ಟ್‌ವೇರ್ ಸೊನ್ನೆ. ಒಂಬತ್ತು ಸಂಜೆ ಅಂತ ಮೇಲೆ ಬರ್ದಿದೀನಿ, ಅದ್ರಲ್ಲಿ ಮೂರು ಪೂರ್ತಿ ದಂಡ.

ಬಾಕಿ ಇರೋದು

ತಪ್ಪು ಐದು ಅಂದಿದ್ದೆ, ಇಲ್ಲೀ ತನಕ ನಾಲ್ಕೂವರೆ ಆಯ್ತು. ಉಳಿದರ್ಧ ಇದು: 85ರ ಮೇಲಿನವ್ರಿಗೆ ಎಸ್‌ಆರ್‌ಎಸ್ ಒಂದೇ ಗುಂಪು, ಅಲ್ಲಿಂದ ಮುಂದಕ್ಕೆ ನಾನು 80-84ರ ಇಳಿಕೆಯನ್ನೇ 110ರ ತನಕ ಎಳೆದಿದೀನಿ. 95 ವರ್ಷದವ್ರಿಗೆ 82ರವರಷ್ಟೇ ಸುಧಾರಣೆ ಆಗತ್ತೆ ಅಂದ್ರೆ ಯಾರೂ ನಂಬಲ್ಲ, 85ರಿಂದ 110ಕ್ಕೆ ಹೋಗ್ತಾ ಸೊನ್ನೆಗೆ ಇಳಿಸ್ಬೇಕು. ಟ್ರಸ್ಟಲ್ಲಿ 85 ದಾಟಿದವ್ರು ಏಳು ಜನ, ಮೊತ್ತದಲ್ಲಿ ಕಾಣಲ್ಲ ಅಂತ ಈ ಸಲ ಹಾಗೇ ಬಿಟ್ಟು ರಿಪೋರ್ಟಲ್ಲಿ ಬರ್ದಿದೀನಿ. ಹೆಂಡ್ತಿಯರ ಶೀಟಲ್ಲಿ ಗಂಡಸರ ಕೋಷ್ಟಕವನ್ನೇ ಮೂರು ವರ್ಷ ಹಿಂದೆ ಸರಿಸಿ ಬಳಸಿದಾರೆ, ಅದನ್ನೂ ಬಿಚ್ಬೇಕು. ಮಳೆ ಎರಡು ದಿನ ಬಿಟ್ರೆ ಮೊದ್ಲು ತೋಟಕ್ಕೆ ಕೊಳೆ ಔಷಧಿ ಹೊಡೆಸ್ಬೇಕು, ಆಮೇಲೆ ವಿ7.